ನಿನ್ನ ಕಥೆಯಲ್ಲಿ ಎಣ್ಣೆ ಜಾಸ್ತಿ ಆಯ್ತು

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. ಅಜ್ಜಿ ಬಾಗಿಲು ತೆಗೆಯುವ ಜಾಗ ಚೆನ್ನಾಗಿದೆ. ಆದರೆ ಆಕೆ ಬಾಯಿ ತೆಗೆದ ಕೂಡಲೇ ನಾನು ಕಥೆಯಿಂದ ಹೊರಗೆ ಬಿದ್ದೆ. 1975ರ ಮಂಡ್ಯ ಕಡೆಯ ಹಳ್ಳಿ ಅಂತ ನೀನೇ ಬರೆದಿದ್ದೀಯ. ಮಗ ಕುಡಿದು ಬಂದಿದ್ದಾನೆ. ಅಜ್ಜಿ ಹೇಳ್ತಾಳೆ, ‘ಎಣ್ಣೆ ಹೊಡ್ಕೊಂಡು ಬಂದಿದ್ದಾನೆ ನೋಡು’.

ಇದು ಅಜ್ಜಿಯ ಮಾತಲ್ಲ. ನಿನ್ನ ರೂಮ್‌ಮೇಟ್ ಮಾತು.

ನಾನು ಸಣ್ಣವಳಿದ್ದಾಗ ನಮ್ಮೂರಲ್ಲಿ ಎಣ್ಣೆ ಅಂದರೆ ಎಣ್ಣೆಯೇ. ತಲೆಗೆ, ದೀಪಕ್ಕೆ, ಒಗ್ಗರಣೆಗೆ. ಕುಡಿಯೋದು ಹೆಂಡ ಇಲ್ಲಾ ಸಾರಾಯಿ. ಮನೆಯ ಹೆಂಗಸರಂತೂ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ. ‘ಹಾಕ್ಕೊಂಡು ಬಂದಿದ್ದಾನೆ’ ಅಷ್ಟೇ. ಏನು ಹಾಕ್ಕೊಂಡು ಅಂತ ಯಾರೂ ಕೇಳುತ್ತಿರಲಿಲ್ಲ. ಆ ಹೇಳದೆ ಬಿಟ್ಟ ಪದದಲ್ಲಿ ನಾಚಿಕೆ ಇತ್ತು, ಪಕ್ಕದ ಮನೆಯವರ ಭಯ ಇತ್ತು. ನೀನು ‘ಎಣ್ಣೆ’ ತಂದು ಅದನ್ನೆಲ್ಲ ಒರೆಸಿ ಹಾಕಿದ್ದೀಯ. ‘ಎಣ್ಣೆ’ಯಲ್ಲಿ ನಗು ಇದೆ, ಗೆಳೆಯರ ಗುಂಪು ಇದೆ, ಶನಿವಾರದ ಸಂಜೆ ಇದೆ. ‘ತೀರ್ಥ’ ಅನ್ನುವವನು ಬೇರೆ ಮನುಷ್ಯ, ‘ಗುಂಡು ಹಾಕೋಣ’ ಅನ್ನುವವನು ಬೇರೆ. ಬಾರಿನ ಮುಂದೆ ‘ಒಂದು ನೈಂಟಿ’ ಅನ್ನುವವನು ಇವರಿಬ್ಬರೂ ಅಲ್ಲ. ನಿನ್ನ ಇನ್ನೊಂದು ಕಥೆಯಲ್ಲಿ 2015ರಲ್ಲಿ ಒಬ್ಬ ಅಂಗಡಿಯಿಂದ ಸಾರಾಯಿ ಪ್ಯಾಕೆಟ್ ಕೊಂಡು ಬರ್ತಾನೆ. ಕರ್ನಾಟಕದಲ್ಲಿ 2007ರ ಜುಲೈನಲ್ಲೇ ಸಾರಾಯಿ ಮಾರಾಟ ನಿಂತುಹೋಯಿತಪ್ಪಾ. ಅವನಿಗೆ ಬೇರೆ ಏನಾದರೂ ಕುಡಿಸು.

ಪದ ಒಂದೇ ಆದರೂ ಪಕ್ಕದ ಕ್ರಿಯಾಪದ ಬದಲಾದರೆ ಲೋಕವೇ ಬದಲಾಗುತ್ತದೆ. ಎಣ್ಣೆ ಹಚ್ಚೋದು ತಲೆಗೆ. ಎಣ್ಣೆ ಬಿಡೋದು ದೋಸೆಗೆ, ದೀಪಕ್ಕೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೆ ಅದು ಕಾವಲು. ಬೆಂಗಳೂರಿನ ಹುಡುಗರು ‘ಎಣ್ಣೆ ಹೊಡೆಯೋಣ’ ಅಂದರೆ ನಿನಗೆ ಗೊತ್ತೇ ಇದೆ. ಅದೇ ಮಾತನ್ನು ಉತ್ತರ ಕರ್ನಾಟಕದಲ್ಲಿ ಹತ್ತಿ ಬೆಳೆಯುವ ಒಬ್ಬ ರೈತನ ಬಾಯಲ್ಲಿ ಕೇಳಿದ್ದೆ: ‘ನಾಳೆ ಎಣ್ಣಿ ಹೊಡೀಬೇಕ್ರಿ’. ನಾನು ನಕ್ಕೆ. ಆತ ನಗಲಿಲ್ಲ. ಹುಳ ಬಿದ್ದ ಬೆಳೆಗೆ ಔಷಧ ಹೊಡೆಯುವ ಮಾತು ಅದು. ಆ ಊರಿನ ಕಥೆಯಲ್ಲಿ ಯಾರಾದರೂ ‘ಎಣ್ಣಿ ಕುಡದಾನ’ ಅಂದರೆ ಕೇಳಿದವರು ಆಸ್ಪತ್ರೆಗೆ ಓಡುತ್ತಾರೆ.

ನಾನೂ ಎಡವಿದ್ದೇನೆ, ಮುಚ್ಚಿಡಲ್ಲ. ಗದಗ ಕಡೆಯ ಒಂದು ಮನೆಯ ಕಥೆ ಬರೆದು, ದೀಪಕ್ಕೆ ‘ಸೀಮೆಎಣ್ಣೆ’ ಹಾಕಿಸಿದ್ದೆ. ಒಬ್ಬ ಓದುಗರು ಕಾರ್ಡು ಬರೆದರು: ‘ನಮ್ಮ ಕಡೆ ಚಿಮಣಿ ಎಣ್ಣಿ ಅಂತೀವ್ರಿ’. ಒಂದೇ ಸಾಲು. ಸೀಮೆಎಣ್ಣೆ ಅಂದರೆ ಹೊರಗಿನಿಂದ ಬಂದ ಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ. ನಮ್ಮವರು ಅದು ಎಲ್ಲಿಂದ ಬಂತು ಅಂತ ನೋಡಿ ಹೆಸರಿಟ್ಟರು. ಅವರು ಅದು ಯಾವುದರಲ್ಲಿ ಉರಿಯುತ್ತೆ ಅಂತ ನೋಡಿ ಇಟ್ಟರು. ಆ ಕಾರ್ಡು ಇನ್ನೂ ನನ್ನ ಹತ್ತಿರ ಇದೆ.

ಇನ್ನು ನಿನ್ನ ಕಥೆಯ ಆ ಅಣ್ಣತಮ್ಮಂದಿರ ಸಾಲು. ‘ಅವರಿಬ್ಬರೂ ಎಣ್ಣೆ ಮತ್ತು ನೀರಿನಂತೆ, ಎಂದೂ ಬೆರೆಯಲಿಲ್ಲ.’ ಇದು ಇಂಗ್ಲಿಷ್ ಓದಿದವನ ಕೈ. ಕನ್ನಡದ ಮನೆಯಲ್ಲಿ ಎಣ್ಣೆ ನೀರು ಅಂದರೆ ಜಗಳ ಅಲ್ಲ, ಹಬ್ಬ. ನರಕ ಚತುರ್ದಶಿಯ ಬೆಳಗ್ಗೆ ತಲೆಗೆ ಎಣ್ಣೆ ಒತ್ತಿ ಬಿಸಿನೀರು ಹುಯ್ಯೋದು. ಬಾಣಂತಿಗೆ, ಕೂಸಿಗೆ ಹಾಕೋದು. ‘ಎಣ್ಣೆ ನೀರು ಆಯ್ತಾ?’ ಅಂತ ಕೇಳುತ್ತೇವೆ. ಜಗಳಕ್ಕೆ ಅದೇ ಬಚ್ಚಲಲ್ಲಿ ಬೇರೆ ಮಾತಿದೆ, ಎಣ್ಣೆ ಸೀಗೆಕಾಯಿ. ಯೋಚನೆ ಮಾಡು, ಎಷ್ಟು ಚೆಂದ. ನೀರು ಎಣ್ಣೆಯನ್ನು ಸುಮ್ನೆ ತೇಲಿಸುತ್ತೆ. ಸೀಗೆಕಾಯಿ ಹಾಗಲ್ಲ. ಅದು ಬಂದ ಮೇಲೆ ಎಣ್ಣೆ ಇರುವ ಹಾಗೇ ಇಲ್ಲ. ನಿನ್ನ ಅಣ್ಣತಮ್ಮ ಕೋರ್ಟಿನ ತನಕ ಹೋದವರು. ಅವರಿಗೆ ಯಾವುದು ಸರಿ ಅಂತ ನಾನು ಹೇಳಬೇಕಾ?

ಮನೆಗೆ ಶಾಂಪೂ ಬಂದು ಎಷ್ಟೋ ಕಾಲ ಆಯಿತು. ಸೀಗೆಪುಡಿ ಕಣ್ಣಿಗೆ ಬಿದ್ದ ಉರಿ ಗೊತ್ತಿಲ್ಲದವರೂ ‘ಅವರದು ಎಣ್ಣೆ ಸೀಗೆಕಾಯಿ’ ಅನ್ನುತ್ತಾರೆ. ನುಡಿಗಟ್ಟು ಹಾಗೇ, ವಸ್ತು ಹೋದರೂ ಮಾತು ಉಳಿದುಬಿಡುತ್ತೆ. ಎಣ್ಣೆ ಅನ್ನೋ ಪದವನ್ನೇ ನೋಡು. ಎಳ್ಳಿನ ‘ಎಳ್’, ಜಿಡ್ಡಿನ ‘ನೆಯ್’, ಎರಡೂ ಸೇರಿ ಎಣ್ಣೆ. ಬಿಳಿಯ ನೆಯ್ ಬೆಣ್ಣೆಯಾಯಿತು. ಮೊದಲು ಎಳ್ಳಿನದಕ್ಕೆ ಮಾತ್ರ ಇದ್ದ ಹೆಸರು ಆಮೇಲೆ ಕೊಬ್ಬರಿಗೂ ಬಂತು, ಕುಸುಬೆಗೂ ಬಂತು, ಕೊನೆಗೆ ಬಾಟಲಿಗೂ ಬಂತು. ಹಾಗಾಗಿ ಬಾಟಲಿಯ ಅರ್ಥ ಕೀಳು ಅಂತ ನಾನು ಅನ್ನಲ್ಲ. ಕೆಲವರು ಅಂತಾರೆ, ಅನ್ನಲಿ. ಆಟೋ ಓಡಿಸುವ ಹುಡುಗನ ಬಾಯಲ್ಲಿ ‘ಮದ್ಯಪಾನ’ ಇಡುವುದು ಇದಕ್ಕಿಂತ ದೊಡ್ಡ ತಪ್ಪು.

ಒಂದು ಕೆಲಸ ಮಾಡು. ಒಂದು ವಾರ ನೋಟ್‌ಬುಕ್ಕು ತೆಗೆಯಬೇಡ. ‘ಎಣ್ಣೆ’ ಪದ ಕಿವಿಗೆ ಬಿದ್ದಾಗಲೆಲ್ಲ ಯಾರು ಅಂದರು, ಯಾರಿಗೆ ಅಂದರು, ಆಗ ಪಕ್ಕದಲ್ಲಿ ಯಾರಿದ್ದರು ಅಂತಷ್ಟೇ ಗಮನಿಸು. ಅಪ್ಪ ಬಂದ ಕೂಡಲೇ ಹುಡುಗರು ಯಾವ ಪದಕ್ಕೆ ಹಾರುತ್ತಾರೆ ನೋಡು. ಆಮೇಲೆ ಅಜ್ಜಿಯ ಆ ಸಾಲನ್ನು ಮತ್ತೆ ಬರೆದು ಕಳಿಸು. ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಬೇಡ, ಕಥೆ ನನಗೆ ಹಿಡಿಸಿದೆ.

ದೀಪಾವಳಿಗೆ ಮನೆಗೆ ಬಾ. ಎಣ್ಣೆ ನೀರು ನಾನೇ ಹಾಕ್ತೀನಿ. ಇನ್ನೊಂದು ಎಣ್ಣೆ ನಮ್ಮನೇಲಿ ಸಿಗಲ್ಲ.

ನಿನ್ನ
ಅಕ್ಕ