ಪ್ರೊಸೊಡಿ ಚಾಟ್ ಸರ್ವರ್: ಲಾಗಿನ್ ಸೆಟ್ಟಿಂಗ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಆಫೀಸುಗಳಲ್ಲಿ ಪ್ರೊಸೊಡಿ ನೋಡಿಕೊಳ್ಳುವವರು ಈ ವಾರ ಕಾನ್ಫಿಗ್ ಫೈಲ್ ಒಮ್ಮೆ ತೆರೆದು ನೋಡಿರಿ.

ಅಥೆಂಟಿಕೇಶನ್ (ಲಾಗಿನ್ ಪರಿಶೀಲನೆ) ಸಾಲಿನಲ್ಲಿ ‘ಇಂಟರ್ನಲ್ ಪ್ಲೇನ್’ ಇದ್ದರೆ ಎಲ್ಲರ ಪಾಸ್‌ವರ್ಡ್ ಡಿಸ್ಕ್‌ನಲ್ಲಿ ಓದುವ ಹಾಗೆಯೇ ಕೂತಿರುತ್ತದೆ. ಅದನ್ನು ‘ಇಂಟರ್ನಲ್ ಹ್ಯಾಶ್ಡ್’ ಮಾಡಿ, ಆಗ ಪಾಸ್‌ವರ್ಡ್ ಬದಲು ಅದರಿಂದ ಲೆಕ್ಕ ಹಾಕಿದ, ನೇರವಾಗಿ ಓದಲಾಗದ ಹ್ಯಾಶ್ ಮಾತ್ರ ಉಳಿಯುತ್ತದೆ. ಈ ಸಾಲು ಮೊದಲ ವರ್ಚುವಲ್ ಹೋಸ್ಟ್‌ಗಿಂತ (ಒಂದೊಂದು ಚಾಟ್ ಡೊಮೇನ್‌ನ ಸೆಟ್ಟಿಂಗ್ ಭಾಗ) ಮೇಲಿರಬೇಕು. ಕೆಳಗೆ ಬರೆದರೆ ಆ ಒಂದು ಹೋಸ್ಟ್‌ಗೆ ಮಾತ್ರ ತಾಗುತ್ತದೆ, ಎರರ್ ಕೂಡ ಬರುವುದಿಲ್ಲ. ಎಡವುವುದು ಇಲ್ಲೇ.

ಸಾಲು ಬದಲಿಸಿದ ಮಾತ್ರಕ್ಕೆ ಹಳೆಯ ಖಾತೆ ಬದಲಾಗುವುದಿಲ್ಲ. ಬಳಸುವವರು ಮುಂದಿನ ಸಲ ಲಾಗಿನ್ ಆದಾಗಲೇ ಅವರ ಪಾಸ್‌ವರ್ಡ್ ಹ್ಯಾಶ್ ಆಗುವುದು. ಕೆಲಸ ಬಿಟ್ಟು ಹೋದವರದು ಹಾಗೇ ಉಳಿಯುತ್ತದೆ. ಅಕೌಂಟ್ಸ್ ಫೋಲ್ಡರಿನ ಫೈಲ್ ತೆರೆದು ನೋಡಿ: ಸಾಲ್ಟ್, ಸ್ಟೋರ್ಡ್ ಕೀ, ಸರ್ವರ್ ಕೀ ಇದ್ದರೆ ಸರಿ. ಪಾಸ್‌ವರ್ಡ್ ಎಂಬ ಸಾಲೇ ಕಂಡರೆ ಖಾತೆ ಅಳಿಸಿ, ಇಲ್ಲವೇ ಹೊಸ ಪಾಸ್‌ವರ್ಡ್ ಹಾಕಿ. ಹಳೆಯ ಬ್ಯಾಕಪ್ ಇಟ್ಟ ಪೆನ್‌ಡ್ರೈವ್‌ಗಳಲ್ಲೂ ಅವೇ ಪಾಸ್‌ವರ್ಡ್ ಇರುತ್ತವೆ, ದಯವಿಟ್ಟು ಅವನ್ನೂ ಹುಡುಕಿ ಅಳಿಸಿ.

ಎಲ್‌ಡ್ಯಾಪ್ (ಆಫೀಸಿನ ಎಲ್ಲರ ಖಾತೆ ಒಂದೇ ಕಡೆ ಇಡುವ ಡೈರೆಕ್ಟರಿ) ಬಳಸುವವರಿಗೆ ವಿಶೇಷ ಎಚ್ಚರಿಕೆ. ಬೈಂಡ್ ಮಾಡಲು (ಬಳಸುವವರ ಹೆಸರಲ್ಲಿ ಎಲ್‌ಡ್ಯಾಪ್‌ಗೆ ಲಾಗಿನ್ ಆಗಲು) ಸರ್ವರ್‌ಗೆ ಅಸಲಿ ಪಾಸ್‌ವರ್ಡೇ ಬೇಕು, ಹಾಗಾಗಿ ಪಾಸ್‌ವರ್ಡ್ ಕಳಿಸದೆ ಲಾಗಿನ್ ಮಾಡುವ ಸ್ಕ್ರ್ಯಾಮ್ ನಡೆಯುವುದಿಲ್ಲ, ಪಾಸ್‌ವರ್ಡ್ ಇದ್ದ ಹಾಗೇ ಕಳಿಸುವ ಪ್ಲೇನ್ ಒಂದೇ ದಾರಿ. ಮೊಬೈಲ್‌ನಿಂದ ಸರ್ವರ್‌ಗೆ, ಸರ್ವರ್‌ನಿಂದ ಎಲ್‌ಡ್ಯಾಪ್‌ಗೆ, ಎರಡೂ ಕಡೆ ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಕಡ್ಡಾಯ ಮಾಡಿ. ಎರಡನೆಯದು ಆಫೀಸಿನ ಒಳಗಿನ ಕೇಬಲ್ ತಾನೇ ಎಂದು ಬಿಡಬೇಡಿ.

ಹೊರಗಿನವರು ತಾವೇ ಖಾತೆ ತೆರೆಯುವ ರಿಜಿಸ್ಟ್ರೇಶನ್ ಬಂದ್ ಇರಲಿ. ಅನಾಮಧೇಯ ಲಾಗಿನ್ ಬೇಡ.

ಫೈಲ್ ಉಳಿಸಿದ ಮೇಲೆ ಪ್ರೊಸೊಡಿಯ ಕಮಾಂಡ್ ಸಾಧನ ಪ್ರೊಸೊಡಿಸಿಟಿಎಲ್‌ನ ‘ಚೆಕ್ ಕಾನ್ಫಿಗ್’ ಓಡಿಸಿ. ರೀಸ್ಟಾರ್ಟ್ ಮಾಡಿದರೆ ಎಲ್ಲರ ಚಾಟ್ ಕಡಿಯುತ್ತದೆ, ಆಫೀಸು ಮುಗಿದ ಮೇಲೆ ಮಾಡಿ.