ಸ್ಕ್ರೀನ್ ಬದಲಿಸಿದ ಮೇಲೆ ಚಿತ್ರ ನಿಂತುಬಿಡುವ ಲ್ಯಾಪ್‌ಟಾಪ್ ಬಗ್ಗೆ ದೂರು

ಉಡುಪಿ
16 ಫೆಬ್ರವರಿ 2026

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ವಾರಂಟಿಯಲ್ಲಿ ಸ್ಕ್ರೀನ್ ಬದಲಿಸಿದ ಮೇಲೆ ಶುರುವಾದ ತೊಂದರೆ, ಮತ್ತು ಮಂಗಳೂರಿನ ನಿಮ್ಮ ಸರ್ವೀಸ್ ಸೆಂಟರ್‌ನಲ್ಲಿ ಕೇಳದೆ ಡಿಸ್ಕ್ ಅಳಿಸಿದ್ದು.

ಮಾನ್ಯರೇ,

ನಾನು ಉಡುಪಿಯಲ್ಲಿ ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಮದುವೆ ಕಾಗದ, ನೇಮದ ಆಮಂತ್ರಣ, ಬ್ರಹ್ಮಕಲಶದ ಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇದೇ ನನ್ನ ಕೆಲಸ. ಕಳೆದ ವರ್ಷ ಚೌತಿಗೆ ನಾಲ್ಕು ದಿನ ಇರುವಾಗ, ಆಗಸ್ಟ್ 23ಕ್ಕೆ, ಇಲ್ಲಿನ ಶೋರೂಮಿನಲ್ಲಿ 58,500 ರೂಪಾಯಿ ಕೊಟ್ಟು ನಿಮ್ಮ ಕಂಪನಿಯ ಲ್ಯಾಪ್‌ಟಾಪ್ ತಗೊಂಡೆ. ಅದರಲ್ಲಿ ವಿಂಡೋಸ್ ಬದಲಿಗೆ ಉಬುಂಟು 24.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ನೀವೇ ಹಾಕಿ ಕೊಟ್ಟದ್ದು. ನನಗೂ ಅದೇ ಬೇಕಿತ್ತು. ಸ್ಕ್ರೈಬಸ್, ಇಂಕ್‌ಸ್ಕೇಪ್‌ನಲ್ಲಿ ಪುಟ ಕಟ್ಟುತ್ತೇನೆ. ನಮ್ಮ ಕಡೆಯವರೇ ಆದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲೇ ಕನ್ನಡ ಟೈಪ್ ಮಾಡುತ್ತೇನೆ. ಲಿನಕ್ಸ್ ನನಗೆ ಹೊಸದೂ ಅಲ್ಲ, ಅದರಿಂದ ನನಗೆ ತೊಂದರೆಯೂ ಆಗಿಲ್ಲ.

ಮೂರು ತಿಂಗಳು ಲ್ಯಾಪ್‌ಟಾಪ್ ಚೆನ್ನಾಗಿಯೇ ನಡೆಯಿತು. ಇದನ್ನು ದಯವಿಟ್ಟು ಗಮನದಲ್ಲಿ ಇಟ್ಟುಕೊಳ್ಳಿ. ನವೆಂಬರ್ ಕೊನೆಗೆ ಸ್ಕ್ರೀನಿನ ಎಡಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ ಬಂತು. ಮಂಗಳೂರಿನ ನಿಮ್ಮ ಸೆಂಟರ್‌ಗೆ ಒಯ್ದೆ. ಡಿಸೆಂಬರ್ 3ಕ್ಕೆ ವಾರಂಟಿಯಲ್ಲೇ ಬೇರೆ ಸ್ಕ್ರೀನ್ ಹಾಕಿ ಕೊಟ್ಟರು. ಆ ಸಲ ಅವರು ಮಾತಾಡಿದ ರೀತಿ, ಬೇಗ ಕೆಲಸ ಮುಗಿಸಿದ್ದು, ಎರಡೂ ನನಗೆ ಸಂತೋಷ ಕೊಟ್ಟಿತ್ತು. ಗೆರೆ ಹೋಯಿತು. ಮೂರೇ ದಿನ. ಡಿಸೆಂಬರ್ 6ರ ಮಧ್ಯಾಹ್ನ ಚಿತ್ರ ಮೊದಲ ಸಲ ನಿಂತಿತು.

ಆಮೇಲಿನ ಎರಡು ಜಾಬ್ ಶೀಟ್‌ಗಳಲ್ಲೂ ನಿಮ್ಮವರು ‘ಸಿಸ್ಟಮ್ ಹ್ಯಾಂಗ್’ ಅಂತ ಬರೆದಿದ್ದಾರೆ. ಸಿಸ್ಟಮ್ ಹ್ಯಾಂಗ್ ಆಗುವುದಿಲ್ಲ. ಆ ದಿನ ನಡೆದದ್ದನ್ನು ಹೇಳುತ್ತೇನೆ. ಒಂದು ದೇವಸ್ಥಾನದ ಆಮಂತ್ರಣದ ಪ್ರೂಫ್ ಓದುತ್ತಿದ್ದೆ. ಅದೇ ಲ್ಯಾಪ್‌ಟಾಪಿನಲ್ಲಿ ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿಕೊಂಡಿದ್ದೆ. ಓದಿ ಮುಗಿಸಿ ಒಂದು ಅಕ್ಷರ ತಿದ್ದಲು ಹೋದರೆ ಕರ್ಸರ್ ಅಲುಗಾಡಲಿಲ್ಲ. ಸ್ಕ್ರೀನಿನ ಮೇಲ್ಗಡೆಯ ಗಡಿಯಾರದಲ್ಲಿ 3.17, ಗೋಡೆಯ ಗಡಿಯಾರದಲ್ಲಿ 3.24. ಆದರೆ ಚೆಂಡೆ ಕೇಳುತ್ತಲೇ ಇತ್ತು. ಅರ್ಥಧಾರಿಗಳ ಮಾತು ಒಂದು ಕಡೆಯೂ ತುಂಡಾಗಲಿಲ್ಲ. ಸುಮ್ನೆ ನೋಡೋಣ ಅಂತ ‘ಕುಂದಾಪುರ’ ಎಂದು ಟೈಪ್ ಮಾಡಿದೆ. ಏನೂ ಕಾಣಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಕಪ್ಪು ಟರ್ಮಿನಲ್‌ಗೆ ಹೋದೆ, ಎಫ್2 ಒತ್ತಿ ವಾಪಸ್ ಬಂದೆ. ಚಿತ್ರಕ್ಕೆ ಜೀವ ಬಂತು. ಗಡಿಯಾರ ಸರಿಯಾಯಿತು. ಪುಟದಲ್ಲಿ ‘ಕುಂದಾಪುರ’ ಇತ್ತು!

ಅಂದರೆ ಕಂಪ್ಯೂಟರ್ ಕೆಲಸ ಮಾಡುತ್ತಲೇ ಇತ್ತು. ಸ್ಕ್ರೀನ್ ಮಾತ್ರ ಹಳೇ ಚಿತ್ರ ಹಿಡಿದುಕೊಂಡು ಕೂತಿತ್ತು.

ಇದು ಸಣ್ಣ ತೊಂದರೆ ಅಂತ ಅನ್ನಿಸಬಹುದು. ಡಿಸೆಂಬರ್ 22ಕ್ಕೆ ಒಂದು ಮದುವೆ ಕಾಗದ ಮಾಡುತ್ತಿದ್ದೆ. ಚಿತ್ರ ನಿಂತದ್ದು ಗೊತ್ತಾಗದೆ, ಕೀ ಹಿಡಿಯುತ್ತಿಲ್ಲ ಅಂದುಕೊಂಡು ಬ್ಯಾಕ್‌ಸ್ಪೇಸ್ ಒತ್ತಿದೆ. ಆ ಒತ್ತಿದ್ದು ಒಳಗೆ ಲೆಕ್ಕಕ್ಕೆ ಬಂದಿತ್ತು. ‘ಗಂಟೆ 12.10ರ ಅಭಿಜಿನ್ ಲಗ್ನ ಸುಮುಹೂರ್ತ’ ಅನ್ನುವಲ್ಲಿ ಸೊನ್ನೆ ಹಾರಿ 12.1 ಆಯಿತು. ಮನೆಯವರೂ ಪ್ರೂಫ್ ಒಪ್ಪಿ ಆಗಿತ್ತು, ಹಾಗಾಗಿ ಮತ್ತೆ ಯಾರೂ ಓದಲಿಲ್ಲ. 600 ಪ್ರತಿ ಅಚ್ಚಾಯಿತು. ಕಾಗದ ಒಯ್ಯಲು ಬಂದ ಹುಡುಗಿಯ ಅಪ್ಪ ಕೌಂಟರ್ ಹತ್ತಿರ ನಿಂತು ಓದುತ್ತಾ ಅಲ್ಲಿಗೆ ಬಂದು ತಡೆದರು. ಅವರು ಬೈಯಲಿಲ್ಲ. “ಅಮ್ಮಾ, ಮುಹೂರ್ತವೇ ತಪ್ಪಿದೆಯಲ್ಲ” ಅಂದರು ಅಷ್ಟೇ. ಮುಹೂರ್ತ ತಪ್ಪಿ ಅಚ್ಚಾದ ಕಾಗದವನ್ನು ಯಾವ ಮನೆಯವರೂ ಹಂಚುವುದಿಲ್ಲ. ಅಷ್ಟನ್ನೂ ಮತ್ತೆ ಮಾಡಿಸಿದೆ. 7,800 ರೂಪಾಯಿ ನನ್ನ ಕೈಯಿಂದ ಹೋಯಿತು.

ಜನವರಿ 5, ಸೋಮವಾರ ಮತ್ತೆ ಮಂಗಳೂರಿಗೆ ಬಂದೆ. ಅಂಗಡಿಗೆ ಬಾಗಿಲು ಹಾಕಿ, ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ಪಿವಿಎಸ್‌ನಲ್ಲಿ ಇಳಿದು ಬರಬೇಕು. ಒಂದು ದಿನ ಪೂರ್ತಿ ಅದಕ್ಕೇ ಹೋಗುತ್ತದೆ. ಜಾಬ್ ಶೀಟ್‌ನಲ್ಲಿ ನನ್ನ ಕೈಯಾರೆ ‘ಡೇಟಾ ಅಳಿಸಬಾರದು’ ಅಂತ ಬರೆದು ಸಹಿ ಹಾಕಿದೆ. ಪ್ರತಿ ಜೊತೆಗಿಟ್ಟಿದ್ದೇನೆ, ನೋಡಿ. 9ಕ್ಕೆ ಲ್ಯಾಪ್‌ಟಾಪ್ ವಾಪಸ್ ಸಿಕ್ಕಿದಾಗ ಉಬುಂಟು ಇರಲಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹಾಕಿದ್ದರು. ‘ಸಾಫ್ಟ್‌ವೇರ್ ಸಮಸ್ಯೆ, ಹಾರ್ಡ್‌ವೇರ್ ದೋಷ ಕಂಡುಬಂದಿಲ್ಲ’ ಎಂದು ಷರಾ. ಇನ್‌ಸ್ಟಾಲೇಶನ್ ಚಾರ್ಜ್ ಜಿಎಸ್‌ಟಿ ಸೇರಿ 1,180 ರೂಪಾಯಿ.

ನಾನು ಪ್ರತಿ ಶನಿವಾರ ಬ್ಯಾಕಪ್ ತೆಗೆಯುತ್ತೇನೆ. ಹಾಗಾಗಿ ಹೆಚ್ಚಿನದು ಉಳಿಯಿತು. ಭಾನುವಾರ ಇಡೀ ದಿನ ಕೂತು ಟೈಪ್ ಮಾಡಿದ್ದ ಒಂದು ದೈವಸ್ಥಾನದ ದಾನಿಗಳ ಪಟ್ಟಿ ಹೋಯಿತು. 214 ಹೆಸರು, ಮನೆತನ, ಊರು, ಮೊತ್ತ. ಕೈಬರಹದ ಆ ಪುಸ್ತಕವನ್ನು ಇನ್ನೊಮ್ಮೆ ಕೊಡಿ ಅಂತ ಆಡಳಿತ ಮಂಡಳಿಯವರ ಮನೆಗೆ ಹೋಗಿ ಕೇಳುವುದು ನನಗೆ ತುಂಬಾ ಕಷ್ಟವಾಯಿತು. ಅದೂ ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ಒಂಬತ್ತೇ ದಿನ ಇರುವಾಗ. ಆ ಸಮಯದಲ್ಲಿ ಉಡುಪಿಯಲ್ಲಿ ನಮ್ಮಂಥ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ.

10ನೇ ತಾರೀಕು ಉಬುಂಟು ಹೊಸದಾಗಿ ಹಾಕಿಕೊಂಡೆ. ಅದೇ ರಾತ್ರಿ ಚಿತ್ರ ಮತ್ತೆ ನಿಂತಿತು.

ಏನು ಪರೀಕ್ಷೆ ಮಾಡಿದಿರಿ ಅಂತ ಸೆಂಟರ್‌ಗೆ ಫೋನ್ ಮಾಡಿ ಕೇಳಿದ್ದೆ. “ಎರಡು ಗಂಟೆ ವಿಡಿಯೋ ಓಡಿಸಿ ನೋಡಿದ್ದೇವೆ ಮೇಡಂ, ಒಂದು ಸಲವೂ ನಿಲ್ಲಲಿಲ್ಲ” ಅಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ವಿಡಿಯೋ ಓಡುವಾಗ ಈ ದೋಷ ಬರುವುದಿಲ್ಲ. ಇದೇ ಈ ಪತ್ರದ ಮುಖ್ಯ ಮಾತು.

ಕಾರಣ ಗೊತ್ತಾದದ್ದು ನನ್ನ ಅಕ್ಕನ ಮಗನಿಂದ. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಪರ್ಯಾಯದ ಮೆರವಣಿಗೆ ನೋಡಲು 17ಕ್ಕೆ ಬಂದಿದ್ದ. ಬೇರೆ ಸಾಧನದಿಂದ ಲ್ಯಾಪ್‌ಟಾಪಿನ ಒಳಗೆ ಹೋಗಲು ಬೇಕಾದ ಎಸ್‌ಎಸ್‌ಎಚ್ ಮೊದಲೇ ಹಾಕಿಟ್ಟು, ಒಂದು ಪುಟ ತೆರೆದು, ಏನನ್ನೂ ಮುಟ್ಟದೆ ಕಾದೆವು. ಚಿತ್ರ ನಿಂತ ತಕ್ಷಣ ಅವನು ತನ್ನ ಫೋನಿನಿಂದ ಒಳಗೆ ಹೋದ. ಎಲ್ಲ ಪ್ರೋಗ್ರಾಂಗಳೂ ಓಡುತ್ತಿದ್ದವು. ಸಿಸ್ಟಮ್ ತಾನೇ ಬರೆದಿಡುವ ಕರ್ನೆಲ್ ಲಾಗ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಹ್ಯಾಂಗ್ ಎಂಬ ಸಾಲು ಹುಡುಕಿದೆವು, ಇರಲಿಲ್ಲ. ಇದ್ದದ್ದು ಪಿಎಸ್‌ಆರ್ ವಿಶ್ರಾಂತಿ ಸ್ಥಿತಿಗೆ ಕಾದು ಕಾದು ಸಮಯ ಮೀರಿತು ಎಂಬ ಎರರ್. ಪ್ರತಿ ಸಲವೂ ಅದೇ ಸಾಲು.

ಪಿಎಸ್‌ಆರ್ ಅಂದರೆ ಪ್ಯಾನಲ್ ಸೆಲ್ಫ್ ರಿಫ್ರೆಶ್. ನಿಮ್ಮ ಎಂಜಿನಿಯರ್‌ಗಳಿಗೆ ಗೊತ್ತಿರುವ ವಿಷಯವೇ, ಲ್ಯಾಪ್‌ಟಾಪಿಗೆ ಸ್ಕ್ರೀನ್ ಜೋಡಿಸುವ 2011ರ ಇಡಿಪಿ 1.3 ಮಾನದಂಡದಲ್ಲೇ ಬಂದದ್ದು. ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ 60 ಸಲ ಸ್ಕ್ರೀನಿಗೆ ಚಿತ್ರ ಕಳಿಸುತ್ತದೆ. ಚಿತ್ರ ಬದಲಾಗದೆ ಇದ್ದರೆ ಅಷ್ಟು ಸಲ ಕಳಿಸುವುದು ಬ್ಯಾಟರಿಗೆ ದಂಡ. ಆಗ ಪ್ಯಾನಲ್, ಅಂದರೆ ಸ್ಕ್ರೀನ್, ಆ ಚಿತ್ರವನ್ನು ತನ್ನದೇ ಮೆಮೊರಿಯಲ್ಲಿ ಇಟ್ಟುಕೊಂಡು ತೋರಿಸುತ್ತಿರುತ್ತದೆ, ಚಿಪ್ಪು ವಿಶ್ರಾಂತಿ ತಗೊಳ್ಳುತ್ತದೆ. ಏನಾದರೂ ಬದಲಾದ ಕೂಡಲೇ ಎರಡೂ ಎಚ್ಚರವಾಗಿ ಮತ್ತೆ ಜೊತೆ ಸೇರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಈ ಎಚ್ಚರವಾಗುವ ಹೊತ್ತಿನಲ್ಲೇ ತಪ್ಪುತ್ತಿದೆ. ವಿಡಿಯೋದಲ್ಲಿ ಚಿತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಪ್ಯಾನಲ್ ಆ ಸ್ಥಿತಿಗೆ ಹೋಗುವುದೇ ಇಲ್ಲ. ಪ್ರೂಫ್ ಓದುವ ನನ್ನಂಥವರ ಸ್ಕ್ರೀನ್ ನಿಮಿಷಗಟ್ಟಲೆ ಅಲುಗಾಡುವುದಿಲ್ಲ. ಅದಕ್ಕೇ ನನಗೆ ದಿನಕ್ಕೆ ಮೂರು ನಾಲ್ಕು ಸಲ ಬರುವ ತೊಂದರೆ ನಿಮ್ಮ ಟೇಬಲ್ ಮೇಲೆ ಬರಲಿಲ್ಲ.

ಇದನ್ನು ಖಚಿತ ಮಾಡಿಕೊಂಡೇ ಬರೆಯುತ್ತಿದ್ದೇನೆ. ಉಬುಂಟು ಶುರುವಾಗುವ ಮೊದಲು ಬರುವ ಗ್ರಬ್ ಮೆನುವಿನಲ್ಲಿ ಕರ್ನೆಲ್ ಸಾಲಿನ ಕೊನೆಗೆ ಐ915 ಎಂಬ ಗ್ರಾಫಿಕ್ಸ್ ಡ್ರೈವರ್‌ನ ‘ಎನೇಬಲ್ ಪಿಎಸ್‌ಆರ್’ ಆಯ್ಕೆಯನ್ನು 0 ಮಾಡಿ, ಅಂದರೆ ಪಿಎಸ್‌ಆರ್ ಆಫ್ ಮಾಡಿ, ಜನವರಿ 19ರಿಂದ 28ರವರೆಗೆ ಕೆಲಸ ಮಾಡಿದೆ. ಒಂದು ಸಲವೂ ನಿಲ್ಲಲಿಲ್ಲ. 29, 30ಕ್ಕೆ ಆ ಆಯ್ಕೆ ತೆಗೆದೆ. ಮೊದಲ ದಿನ ಮೂರು, ಮರುದಿನ ನಾಲ್ಕು ಸಲ ನಿಂತಿತು. 31ಕ್ಕೆ ಮತ್ತೆ 0 ಮಾಡಿದೆ, ಇವತ್ತಿನವರೆಗೆ ಸರಿ ಇದೆ. ಸ್ಕ್ರೀನಿಗೆ ಚಿತ್ರ ಕಟ್ಟಿಕೊಡುವ ವೇಲ್ಯಾಂಡ್ ಬಿಟ್ಟು ಅದೇ ಕೆಲಸದ ಎಕ್ಸ್‌ಆರ್ಗ್‌ನಲ್ಲೂ ನೋಡಿದೆ, ವ್ಯತ್ಯಾಸ ಇಲ್ಲ. ಪೆನ್‌ಡ್ರೈವ್‌ನಿಂದ ನೇರ ಬೂಟ್ ಮಾಡಿದ ಉಬುಂಟುವಿನಲ್ಲೂ ನಿಂತಿತು. ಮುಚ್ಚಳ ಹಾಕಿ ಹೊರಗಿನ ಮಾನಿಟರ್‌ನಲ್ಲಿ ಕೆಲಸ ಮಾಡಿದರೆ ನಿಲ್ಲುವುದಿಲ್ಲ. ಒಂದು ರಾತ್ರಿ ಇಡೀ ಮೆಮ್‌ಟೆಸ್ಟ್ ಓಡಿಸಿದೆ, ರ‍್ಯಾಮ್‌ನಲ್ಲಿ ತಪ್ಪು ಸಿಗಲಿಲ್ಲ.

ಇನ್ನು ಪ್ಯಾನಲ್ ವಿಷಯ. ಪ್ರತಿ ಸ್ಕ್ರೀನೂ ತಾನು ಯಾರು ಅಂತ ಇಡಿಐಡಿ ಎಂಬ ಮಾಹಿತಿಯಲ್ಲಿ ಹೇಳಿಕೊಳ್ಳುತ್ತದೆ, ತಯಾರಕರ ಮೂರಕ್ಷರದ ಗುರುತು ಸಮೇತ. ಉಬುಂಟು ಅದನ್ನು ಓದಿ ಆ ಸ್ಕ್ರೀನಿಗೆ ಒಂದು ಬಣ್ಣದ ಪ್ರೊಫೈಲ್ ತಾನಾಗಿಯೇ ಮಾಡಿಡುತ್ತದೆ. ಬಣ್ಣ ನೋಡಿ ಕೆಲಸ ಮಾಡುವವಳಾದ್ದರಿಂದ ನನಗೆ ಈ ಫೈಲುಗಳ ಪರಿಚಯ ಇದೆ. ನನ್ನ ಬ್ಯಾಕಪ್‌ನಲ್ಲಿ ಎರಡು ಪ್ರೊಫೈಲ್ ಇವೆ. ಒಂದು ಆಗಸ್ಟ್ 23ರದ್ದು, ಇನ್ನೊಂದು ಡಿಸೆಂಬರ್ 3ರದ್ದು. ಎರಡರ ತಯಾರಕರು ಬೇರೆ ಬೇರೆ. ಮೂರು ತಿಂಗಳು ಒಂದು ಸಲವೂ ನಿಲ್ಲದ ಪ್ಯಾನಲ್ ತೆಗೆದು ಬೇರೆ ಜಾತಿಯ ಪ್ಯಾನಲ್ ಹಾಕಿದ್ದೀರಿ. ಪಿಎಸ್‌ಆರ್‌ನಿಂದ ಎಚ್ಚರವಾಗಲು ಎಷ್ಟು ಸಮಯ ಕೊಡಬೇಕು ಅನ್ನುವುದನ್ನು ಡ್ರೈವರ್ ನಿಮ್ಮ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಶುರು ಮಾಡುವ ಮೂಲ ಸಾಫ್ಟ್‌ವೇರ್) ಇರುವ ವಿಬಿಟಿ ಎಂಬ ಪಟ್ಟಿಯಿಂದ ಓದುತ್ತದೆ. ಮೊದಲ ಪ್ಯಾನಲ್‌ಗೆ ಬರೆದ ಲೆಕ್ಕ ಈಗಿನದ್ದಕ್ಕೆ ಹೊಂದುತ್ತಿಲ್ಲ ಅನ್ನುವುದು ನಮ್ಮ ಅನುಮಾನ. ಪ್ಯಾನಲ್ಲೇ ಕೆಟ್ಟದ್ದೂ ಇರಬಹುದು. ಅದನ್ನು ಹೇಳಬೇಕಾದವರು ನೀವು.

ಫೆಬ್ರವರಿ 2ಕ್ಕೆ ಈ ಲಾಗ್, ಪ್ರೊಫೈಲ್, ದಿನಚರಿ ಎಲ್ಲ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಮೂರನೇ ಸಲ ಬಂದೆ. ಕೌಂಟರ್‌ನಲ್ಲಿ ಪೆನ್‌ಡ್ರೈವ್ ಮುಟ್ಟಲೂ ಇಲ್ಲ. “ಲಿನಕ್ಸ್‌ಗೆ ನಮ್ಮಲ್ಲಿ ಸಪೋರ್ಟ್ ಇಲ್ಲ” ಅಂದರು. ನಿಮ್ಮ ಪೆಟ್ಟಿಗೆಯ ಮೇಲೆಯೇ ಉಬುಂಟು ಅಂತ ಅಚ್ಚಾಗಿದೆ, ಫೋಟೋ ಜೊತೆಗಿದೆ. ಆಮೇಲೆ ಕಡಲ ಬದಿಯ ಉಪ್ಪು ಗಾಳಿಯಿಂದ ಹೀಗೆಲ್ಲ ಆಗುತ್ತದೆ ಅಂದರು. ಬಿಚ್ಚಿ ತೋರಿಸಿ ಅಂದೆ. ಬಿಚ್ಚಿದರು. ಕನೆಕ್ಟರ್‌ನಲ್ಲಾಗಲೀ ಸ್ಕ್ರೂಗಳಲ್ಲಾಗಲೀ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನೂ ಜಾಬ್ ಶೀಟ್‌ನಲ್ಲಿ ಬರೆಸಿಕೊಂಡಿದ್ದೇನೆ.

ನಾನು ಕೇಳುವುದು ಇಷ್ಟು. ಮೊದಲಿದ್ದ ಮಾದರಿಯ ಪ್ಯಾನಲ್ ಹಾಕಿಕೊಡಿ. ಅದು ಸಿಗದಿದ್ದರೆ ಈಗಿನ ಪ್ಯಾನಲ್‌ಗೆ ಹೊಂದುವ ಬಯಾಸ್ ಕೊಡಿ. ಬಯಾಸ್ ಕೊಡುವುದಾದರೆ ಉಬುಂಟುವಿನಿಂದಲೇ ಹಾಕುವಂತೆ ಇರಲಿ. ಈಗ ನಿಮ್ಮ ವೆಬ್‌ಸೈಟಿನಲ್ಲಿ ವಿಂಡೋಸ್‌ನಲ್ಲಿ ಓಡುವ ಫೈಲ್ ಮಾತ್ರ ಇದೆ. ಲಿನಕ್ಸ್‌ನವರಿಗೆ ಬಯಾಸ್ ಅಪ್‌ಡೇಟ್ ಹಂಚುವ ಎಲ್‌ವಿಎಫ್‌ಎಸ್‌ಗೆ ಹಾಕಿದರೆ ನನ್ನ ಹಾಗೆ ಉಬುಂಟು ಇರುವ ಇದೇ ಮಾದರಿ ತಗೊಂಡ ಎಲ್ಲರಿಗೂ ಸಿಗುತ್ತದೆ ಅಲ್ವಾ? ಪಿಎಸ್‌ಆರ್ ಆಫ್ ಮಾಡಿಕೊಂಡೇ ಇರಿ ಅಂತ ಮಾತ್ರ ಹೇಳಬೇಡಿ. ಹಾಗೆ ಇಟ್ಟರೆ ಆರೂವರೆ ಗಂಟೆ ಬರುತ್ತಿದ್ದ ಬ್ಯಾಟರಿ ಐದು ಗಂಟೆಗೆ ಇಳಿದಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಆ ಒಂದೂವರೆ ಗಂಟೆ ನನಗೆ ಬೇಕು.

ರಿಪೇರಿ ಆದ ಮೇಲೆ ಕನಿಷ್ಠ ಒಂದು ಗಂಟೆ ಅಲುಗಾಡದ ಪುಟ ತೆರೆದಿಟ್ಟು, ಆಗಾಗ ಒಂದು ಅಕ್ಷರ ಟೈಪ್ ಮಾಡಿ ಪರೀಕ್ಷಿಸಿ. ವಿಡಿಯೋ ಹಾಕಿ ನೋಡಿದರೆ ಪ್ರಯೋಜನ ಇಲ್ಲ. ಡಿಸ್ಕ್ ಮುಟ್ಟಬೇಡಿ. ಕೇಳದೆ ಅಳಿಸಿದ್ದಕ್ಕೆ ಬರಹದಲ್ಲಿ ವಿವರಣೆ ಕೊಡಿ. ಇನ್‌ಸ್ಟಾಲೇಶನ್ನಿನ 1,180 ಮತ್ತು ಮರುಮುದ್ರಣದ 7,800, ಒಟ್ಟು 8,980 ರೂಪಾಯಿ ವಾಪಸ್ ಮಾಡಿ. ಮುದ್ರಣದ ಬಿಲ್ ಜೊತೆಗಿದೆ.

15 ದಿನದಲ್ಲಿ ಬರಹದಲ್ಲಿ ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಉಡುಪಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನು ಇರುವ ಊರಿನಲ್ಲೇ ದೂರು ಕೊಡಲು ಅವಕಾಶ ಇದೆ. ಅಲ್ಲಿಗೆ ಹೋಗುವ ಮನಸ್ಸು ನನಗಿಲ್ಲ. ಮಾರ್ಚ್, ಏಪ್ರಿಲ್ ನಮಗೆ ಬ್ರಹ್ಮಕಲಶ, ನೇಮ, ಮದುವೆಗಳ ಕಾಲ, ಕೆಲಸ ಜಾಸ್ತಿ.

ಲ್ಯಾಪ್‌ಟಾಪ್ ಯಾವ ದಿನ ತರಬೇಕು ಅಂತ ತಿಳಿಸಿ. ಪ್ಯಾನಲ್ ಸೆಂಟರ್‌ಗೆ ಬಂದ ಮೇಲೆಯೇ ಕರೆಯಿರಿ, ಅದೇ ದಿನ ಹಾಕಿಸಿಕೊಂಡು ಹೋಗುತ್ತೇನೆ. ಪರೀಕ್ಷೆಯ ಆ ಒಂದು ಗಂಟೆ ಅಲ್ಲೇ ಕೂತು ನಾನೂ ನೋಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗೆ: ಖರೀದಿ ಬಿಲ್, ಮೂರು ಜಾಬ್ ಶೀಟ್‌ಗಳ ಪ್ರತಿ (ನನ್ನ ಹೆಸರು, ಫೋನ್ ನಂಬರು, ಸೀರಿಯಲ್ ನಂಬರು ಅದರಲ್ಲಿವೆ), ಮುದ್ರಣದ ಬಿಲ್, ಕರ್ನೆಲ್ ಲಾಗ್, ಎರಡು ಬಣ್ಣದ ಪ್ರೊಫೈಲ್ ಫೈಲ್, ಚಿತ್ರ ನಿಂತ ದಿನ ಮತ್ತು ಹೊತ್ತು ಬರೆದಿಟ್ಟ ಪುಟಗಳು, ಪೆಟ್ಟಿಗೆಯ ಫೋಟೋ.