ಮನಸ್ಸಿಗೂ ಕನಿಷ್ಠ ಅಂಕ ಬೇಕೇ?

ಮಾನ್ಯ ಸಂಪಾದಕರೇ,

ಆಹಾರ ಸೇವನೆಯ ಕಾಯಿಲೆಯವರಿಗೆ ಗುಣವಾಗುವ ಪ್ರೇರಣೆ ಎಷ್ಟಿದೆಯೆಂದು ಪ್ರಶ್ನಾವಳಿಯಿಂದ ಅಳೆದು, ಅಂಕ ಕಡಿಮೆ ಬಂದವರನ್ನು ಆಸ್ಪತ್ರೆಯೊಂದು ವಾಪಸು ಕಳುಹಿಸುತ್ತಿರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಅದೇ ಆಸ್ಪತ್ರೆಯಿಂದ ನಿನ್ನೆ ಮಗಳೊಂದಿಗೆ ಹಿಂದಿರುಗಿದವಳು ನಾನು. ಕೆಲಸಕ್ಕೆ ರಜೆ ಹಾಕಿ, ನಿಂತರೆ ತಲೆ ಸುತ್ತುವ ಹುಡುಗಿಯನ್ನು ಸರದಿಯಲ್ಲಿ ನಿಲ್ಲಿಸಿ, ನಮೂನೆ ಮುಗಿದಿದೆ ಎಂದಾಗ ಅದರ ನಕಲು ಮಾಡಿಸಿ ತಂದುಕೊಟ್ಟವಳೂ ನಾನೇ. ಇಷ್ಟಾದ ಮೇಲೆ ಕಡತದಲ್ಲಿ ‘ಪ್ರೇರಣೆ ಸಾಲದು’ ಎಂದು ಬರೆದು, ಮನಸ್ಸು ಗಟ್ಟಿಯಾದ ಮೇಲೆ ಬನ್ನಿ ಎಂದು ಅಪ್ಪಣೆ ಕೊಡಿಸಿದರು.

ಮನಸ್ಸು ಗಟ್ಟಿಯಿದ್ದಿದ್ದರೆ ಅವರ ಬಾಗಿಲಿಗೆ ಹೋಗುವ ಅಗತ್ಯವೇನಿತ್ತು? ತೂಕ ಹೆಚ್ಚೀತೆಂಬ ಭಯದಿಂದ ಊಟವನ್ನೇ ಕಡಿಮೆ ಮಾಡುತ್ತಾ ಹೋಗುವ ಅನೊರೆಕ್ಸಿಯಾ ಕಾಯಿಲೆಯಲ್ಲಿ ತೂಕ ಇಳಿದದ್ದೇ ರೋಗಿಗೆ ಸಾಧನೆಯಾಗಿ ಕಾಣುತ್ತದೆ. ಚಿಕಿತ್ಸೆ ಬೇಡವೆನ್ನುವುದು ಬಹುಪಾಲು ಆ ಕಾಯಿಲೆಯದೇ ಮಾತು. 2000ದಲ್ಲಿ ಪ್ರಕಟವಾದ, ಅನೊರೆಕ್ಸಿಯಾ ರೋಗಿಗಳು ಬದಲಾವಣೆಯ ಯಾವ ಹಂತದಲ್ಲಿದ್ದಾರೆಂದು ಕೇಳುವ 20 ಪ್ರಶ್ನೆಗಳ ಮಾಪನವು ಮಾತುಕತೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು ನೆರವಾಗುವಂಥದೇ ಹೊರತು ಪ್ರವೇಶ ಪರೀಕ್ಷೆಯಲ್ಲ. ತಿಂದದ್ದನ್ನು ವಾಂತಿ ಮಾಡುವ ಅಭ್ಯಾಸವನ್ನು ಬಿಡಲು ಸಿದ್ಧಳಾದವಳೇ ತೂಕ ಹೆಚ್ಚಿಸಿಕೊಳ್ಳಲು ಸುತರಾಂ ಒಪ್ಪದಿರಬಹುದಾದ್ದರಿಂದ, ಒಂದೊಂದು ಲಕ್ಷಣಕ್ಕೂ ಸಿದ್ಧತೆಯನ್ನು ಬೇರೆಬೇರೆಯಾಗಿ ವಿಚಾರಿಸುವ ಸಂದರ್ಶನ ಕ್ರಮವೂ ಇದೆ. ನಮ್ಮವರಿಗೆ ಮಾತ್ರ ಎಲ್ಲವನ್ನೂ ಕೂಡಿಸಿದ ಒಂದು ಸಂಖ್ಯೆ ಸಾಕು. ಅದೂ ಎಂಥ ಸಂಖ್ಯೆ! ಬೇಕಾದ ಉತ್ತರವನ್ನು ಊಹಿಸಿ ಗುರುತು ಹಾಕಿದವರಿಗೆ ಹಾಸಿಗೆ ಸಿಗುತ್ತದೆ, ಭಯವಾಗುತ್ತದೆ ಎಂದು ನಿಜ ಬರೆದ ನನ್ನ ಮಗಳಿಗೆ ಮನೆಯ ದಾರಿ.

ತಿನ್ನುವುದರಿಂದ, ತೆಳ್ಳಗಾಗುವುದರಿಂದ ಏನು ಸಿಗುತ್ತದೆಂಬ ರೋಗಿಯ ನಿರೀಕ್ಷೆಗಳ ವಿಷಯವನ್ನಂತೂ ಯಾರೂ ಎತ್ತಲಿಲ್ಲ. ತಿಂದರೆ ಬೇಸರ ಕಳೆಯುತ್ತದೆ, ತೆಳ್ಳಗಾದರೆ ಬದುಕೇ ಸರಿಹೋಗುತ್ತದೆ ಎಂಬಂಥ ನಂಬಿಕೆಗಳನ್ನು ಅಳೆಯುವ ಪ್ರಶ್ನಾವಳಿಗಳು 1998ರಿಂದಲೂ ಇವೆ. ಇವು ಕಲಿತ ನಂಬಿಕೆಗಳಾದ್ದರಿಂದ ಚಿಕಿತ್ಸೆಯಲ್ಲಿ ಹಿಡಿದು ಅಲುಗಾಡಿಸಬಹುದಾದವು. ಆದರೆ ಅದಕ್ಕೆ ರೋಗಿಯ ಮುಂದೆ ಕುಳಿತು ಮಾತನಾಡಬೇಕಾಗುತ್ತದೆ. ಅಂಕ ಕೂಡಿಸಿದಷ್ಟು ಸುಲಭವಲ್ಲ.

ಹಿಂದೊಮ್ಮೆ ಇದೇ ಮಹನೀಯರು, ತೂಕ ಇನ್ನೂ ಅಷ್ಟೊಂದು ಇಳಿದಿಲ್ಲವೆಂದು ನಮ್ಮನ್ನು ಸಾಗಹಾಕಿದ್ದರು. ಆಗ ದೇಹ ಸಾಕಷ್ಟು ಸೊರಗಿರಲಿಲ್ಲ, ಈಗ ಮನಸ್ಸು ಸಾಕಷ್ಟು ಸಿದ್ಧವಿಲ್ಲ. ಆಪ್ತಸಮಾಲೋಚಕರ ಹುದ್ದೆ ಎಂದಿನಿಂದ ಖಾಲಿಯಿದೆಯೋ ದೇವರೇ ಬಲ್ಲ. ಅದರ ಬಗ್ಗೆ ಕೊಟ್ಟ ದೂರಿಗೆ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಬಿದ್ದಿದೆ, ಉತ್ತರವಿಲ್ಲ. ಸಹಾಯವಾಣಿಯೂ ಇದೆಯಂತೆ, ಎತ್ತುವವರಿಲ್ಲ. ಮನೋರೋಗಗಳಲ್ಲೇ ಹೆಚ್ಚು ಜೀವ ತೆಗೆಯುವ ಕಾಯಿಲೆಗಳಲ್ಲಿ ಅನೊರೆಕ್ಸಿಯಾ ಒಂದು ಎಂಬುದನ್ನು ಇವರಿಗೆ ಯಾರಾದರೂ ಹೇಳಿದ್ದಾರೆಯೇ?

ಈ ಪ್ರಶ್ನಾವಳಿಯನ್ನು ಕೂಡಲೇ ನಿಲ್ಲಿಸಬೇಕು, ಇಲ್ಲವೇ ಅದನ್ನು ಓದಬಲ್ಲವರ ಕೈಗೆ ಕೊಡಬೇಕು, ಖಾಲಿ ಹುದ್ದೆಯನ್ನೂ ತುಂಬಬೇಕು. ಇದಕ್ಕೆ ಸಂಬಂಧಪಟ್ಟವರು ಯಾರೆಂದು ನಮಗೆ ತಿಳಿಯದು, ಅವರಿಗೂ ತಿಳಿದಂತಿಲ್ಲ. ಯಾರೇ ಆಗಿರಲಿ, ಸಂಬಳ ಪಡೆಯುವ ಕೆಲಸವನ್ನಾದರೂ ನೆಟ್ಟಗೆ ಮಾಡಲಿ.

– ನೊಂದ ತಾಯಿ